ಉಪ್ಪನ ಎಡಗಣ್ಣು

ಮೂಡುಬಿದಿರೆ
23 ಜೂನ್ 2024, ಭಾನುವಾರ

ಪ್ರೀತಿಯ ಉಪ್ಪನಿಗೆ ಜಸ್ನಾಳ ಸಲಾಂ.

ಇವತ್ತು ವಾರ್ಡನ್ ಮೇಡಂ ಅವರ ಫೋನು ನನ್ನ ಕೈಗೆ ಬರುವಾಗ ಹಿಂದೆ ಇನ್ನೂ ತುಂಬಾ ಹುಡುಗಿಯರು ಕಾಯುತ್ತಿದ್ದರು. "ಉಪ್ಪನ ಕಣ್ಣಿಗೆ ಪೆಟ್ಟಾಗಿದೆ, ದೊಡ್ಡದೇನೂ ಇಲ್ಲ" ಎಂದು ಉಮ್ಮ ಹೇಳುವಷ್ಟರಲ್ಲಿ ನನ್ನ ಸಮಯ ಮುಗಿಯಿತು. ಮುಂದಿನ ಭಾನುವಾರದವರೆಗೆ ಈ ಒಂದು ಮಾತನ್ನು ತಲೆಯಲ್ಲಿಟ್ಟುಕೊಂಡು ನಾನು ಹೇಗೆ ಓದಲಿ? ಈ ಹಾಸ್ಟೆಲಿನಲ್ಲಿ ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ ಎಂದು ನಿಮಗೆ ಗೊತ್ತೇ ಇದೆ. ಆದ್ದರಿಂದ ಬರೆಯುತ್ತಿದ್ದೇನೆ. ನೀವೂ ಬರೆಯಿರಿ.

ಯಾವ ಕಣ್ಣು? ಏನು ತಾಗಿತು? ಆಸ್ಪತ್ರೆಗೆ ಹೋದಿರಾ? ಉಮ್ಮನ ಸ್ವರ ಗಂಟಲಲ್ಲೇ ನಿಂತ ಹಾಗಿತ್ತು. ದೊಡ್ಡದಲ್ಲದಿದ್ದರೆ ಉಮ್ಮ ಹಾಗೆ ಮಾತಾಡುವುದಿಲ್ಲ.

ನಿಮ್ಮ
ಜಸ್ನಾ

*

ಕಕ್ಕಿಂಜೆ
30 ಜೂನ್ 2024

ಪ್ರೀತಿಯ ಮಗಳು ಜಸ್ನಾಳಿಗೆ ಉಪ್ಪನ ಸಲಾಂ.

ನಿನ್ನ ಉಮ್ಮನಿಗೆ ಇರುವೆ ಕಚ್ಚಿದರೂ ಸ್ವರ ಗಂಟಲಲ್ಲಿ ನಿಲ್ಲುತ್ತದೆ. ನೀನು ಶಹರ್ಬಾನುವಿನ ಮಗಳು ಎಂದು ತೋರಿಸಬೇಡ.

ಆದದ್ದು ಇಷ್ಟೆ. ಶಾಲೆ ಶುರುವಾದ ಮೇಲೆ ವ್ಯಾನಿನ ಒಳಗೆ ಮಕ್ಕಳಿಗೇ ಜಾಗ ಸಾಲುವುದಿಲ್ಲ. ಬ್ಯಾಗುಗಳನ್ನು ಮೇಲೆ ಹಾಕಿ, ಟಾರ್ಪಾಲು ಹೊದಿಸಿ, ಕೊಕ್ಕೆ ಇರುವ ರಬ್ಬರ್ ಹಗ್ಗ ಬಿಗಿಯುತ್ತಿದ್ದೆ. ಆಚೆ ಬದಿಯ ಕೊಕ್ಕೆ ಕಳಚಿ ಹಾರಿ ಬಂದು ಎಡಗಣ್ಣಿಗೆ ಹೊಡೆಯಿತು. ಸ್ವಲ್ಪ ಹೊತ್ತು ಎಲ್ಲ ಕೆಂಪು ಕಂಡಿತು. ವಸಂತಣ್ಣ ತನ್ನ ಕಾರಿನಲ್ಲಿ ಬಿ.ಸಿ. ರೋಡಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕಣ್ಣಿನ ಒಳಗೆ ರಕ್ತ ಇಳಿದಿದೆ, ತಲೆ ಎತ್ತರದಲ್ಲಿಟ್ಟು ಮಲಗಿ, ಮದ್ದಿನ ಹನಿ ಬಿಡಿ ಎಂದರು. ಈಗ ರಕ್ತ ಕರಗಿದೆ. ವ್ಯಾನು ವಸಂತಣ್ಣನದ್ದಾದರೂ ಅದರ ಕಿವಿ ತಿರುಚಲು ನನಗೇ ಗೊತ್ತಿರುವುದು. ನಿನ್ನೆಯಿಂದ ಪುನಃ ಹೋಗುತ್ತಿದ್ದೇನೆ.

ಪುನಃ ತೋರಿಸಲು ಬನ್ನಿ ಎಂದಿದ್ದಾರೆ. ಹೋಗುವ, ಮಳೆ ಸ್ವಲ್ಪ ಬಿಡಲಿ.

ನೀನು ಓದು.

ಉಪ್ಪ

*

ಮೂಡುಬಿದಿರೆ
18 ಆಗಸ್ಟ್ 2024

ಪ್ರೀತಿಯ ಉಪ್ಪನಿಗೆ,

ಕಳೆದ ಎರಡು ಪತ್ರಗಳಲ್ಲಿ ನೀವು ನಾಲ್ಕು ಸಾಲಿನ ಮೇಲೆ ಬರೆದಿಲ್ಲ. ಕೆಮಿಸ್ಟ್ರಿಯಲ್ಲಿ ನನಗೆ ಬಂದ ಅಂಕ ನೋಡಿ ಬೇಸರವಾಗಿದೆ ಎಂದು ನನಗೆ ಗೊತ್ತು. ಬೈಯಬೇಕಿದ್ದರೆ ಬೈದು ಬಿಡಿ. ಸುಮ್ಮನಿರಬೇಡಿ.

ಇನ್ನೊಂದು ವಿಷಯ. ನಿಮ್ಮ ಅಕ್ಷರ ಮೊದಲು ಗೆರೆಯ ಮೇಲೆ ಕುಳಿತಿರುತ್ತಿತ್ತು. ಈಗ ಸಾಲಿನ ಕೊನೆಗೆ ಬರುವಾಗ ಮೇಲಿನ ಸಾಲಿಗೆ ಹತ್ತುತ್ತಿದೆ. ವ್ಯಾನಿನಲ್ಲಿ ಕುಳಿತು ಬರೆಯುತ್ತೀರಾ?

ಈ ವಾರ ಬಯಾಲಜಿ ತರಗತಿಯಲ್ಲಿ ಕಣ್ಣಿನ ಪಾಠ ಆಯಿತು. ಕಣ್ಣೊಳಗಿನ ಲೆನ್ಸನ್ನು ಸುತ್ತಲೂ ನೂಲಿಗಿಂತ ಸಪೂರದ ಎಳೆಗಳು ಹಿಡಿದುಕೊಂಡಿರುತ್ತವಂತೆ. ಪಾಠ ಮುಗಿದ ಮೇಲೆ ನಾನು ಮೇಡಂ ಹತ್ತಿರ ಹೋಗಿ ನಿಮ್ಮ ವಿಷಯ ಹೇಳಿದೆ. ಪೊರೆ ಬರುವುದು ಪ್ರಾಯ ಸಂದವರಿಗೆ ಮಾತ್ರ ಅಲ್ಲ, ಪೆಟ್ಟು ಬಿದ್ದ ಕಣ್ಣಿಗೆ ತಿಂಗಳುಗಳು ಕಳೆದ ಮೇಲೂ ಬರಬಹುದು, ಅಂತಹ ಕಣ್ಣಲ್ಲಿ ಆ ಎಳೆಗಳೂ ಹರಿದಿರಬಹುದು, ತೋರಿಸದೆ ಇರಬಾರದು ಎಂದರು. ಅವರು ಸಹಜವಾಗಿಯೇ ಹೇಳಿದರು. ನನಗೆ ಮಾತ್ರ ಆಮೇಲೆ ಊಟ ಸೇರಲಿಲ್ಲ.

ಮಳೆ ಬಿಟ್ಟಿದೆಯಲ್ಲ ಉಪ್ಪ. ಹೋಗಿ ಬನ್ನಿ.

ಜಸ್ನಾ

*

ಕಕ್ಕಿಂಜೆ
15 ಸೆಪ್ಟೆಂಬರ್ 2024

ಪ್ರೀತಿಯ ಮಗಳಿಗೆ,

ನಿನ್ನ ಅಂಕಕ್ಕೂ ನನ್ನ ಪತ್ರಕ್ಕೂ ಏನೂ ಸಂಬಂಧವಿಲ್ಲ. ಕೆಮಿಸ್ಟ್ರಿ ಎಂದರೆ ಏನೆಂದೇ ಗೊತ್ತಿಲ್ಲದವನು ಬೈಯುವುದು ಹೇಗೆ?

ಕಣ್ಣು ತೋರಿಸಿ ಬಂದೆ. ಈ ಸಲ ಮಂಗಳೂರಿಗೇ ಹೋದೆ. ಡಾಕ್ಟರ್ ಸಬೀಹಾ ಎಂದು ಹೆಸರು, ಸಣ್ಣ ಪ್ರಾಯ, ತಾಳ್ಮೆ ಇರುವವರು. ಸ್ವಲ್ಪ ಪೊರೆ ಉಂಟು, ಅವಸರವಿಲ್ಲ, ಮದ್ದು ಬಿಡುತ್ತಾ ಇರಿ ಎಂದರು. ನೋಡು, ಇಷ್ಟೇ. ಇನ್ನು ಆ ಎಳೆ ಈ ಎಳೆ ಎಂದು ತಲೆ ಕೆಡಿಸಿಕೊಳ್ಳಬೇಡ.

ದಸರಾ ರಜೆಗೆ ಬರುತ್ತೀಯಲ್ಲ. ಬೆಳ್ತಂಗಡಿ ಬಸ್ ಸ್ಟ್ಯಾಂಡಿನಲ್ಲಿ ಇಳಿ, ವ್ಯಾನು ತರುತ್ತೇನೆ.

ಉಪ್ಪ

*

ಮೂಡುಬಿದಿರೆ
21 ಅಕ್ಟೋಬರ್ 2024

ಉಪ್ಪ,

ಮನೆಯಲ್ಲಿದ್ದಾಗ ಬಾಯಿ ಬಿಟ್ಟು ಹೇಳಲು ನನಗೆ ಧೈರ್ಯ ಬರಲಿಲ್ಲ. ಬಸ್ಸು ಹತ್ತಿದ ಮೇಲೆ ಉಜಿರೆಯಿಂದ ಇಲ್ಲಿಯವರೆಗೂ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಹಾಸ್ಟೆಲಿಗೆ ಹೋಗುವ ಬೇಸರ ಎಂದುಕೊಂಡು ನನಗೆ ಮೂಸಂಬಿ ಸುಲಿದು ಕೊಟ್ಟರು.

ಉಮ್ಮ ಚಾ ಕೊಡುವಾಗ ನೀವು ಕೈ ಚಾಚಿದ್ದು ಲೋಟ ಇರುವ ಜಾಗಕ್ಕಲ್ಲ. ಉಮ್ಮ ಲೋಟವನ್ನು ನಿಮ್ಮ ಕೈಯ ಹತ್ತಿರ ತಂದರು. ಅವರಿಗೆ ಅಭ್ಯಾಸವಾಗಿ ಹೋಗಿದೆ. ಜಗಲಿಯಿಂದ ಇಳಿಯುವಾಗ ನೀವು ಕಾಲಿನಿಂದ ತಡವಿ ಮೆಟ್ಟಿಲು ಹುಡುಕುತ್ತೀರಿ. ವ್ಯಾನಿನ ಎಡಗಡೆಯ ಕನ್ನಡಿ ಒಡೆದಿದೆ, ಬಾಗಿಲಿನ ಉದ್ದಕ್ಕೂ ಗೀರು. ಯಾರೋ ಪಾರ್ಕಿಂಗಿನಲ್ಲಿ ತಾಗಿಸಿದರು ಎಂದಿರಿ.

ಅಂಗಳದಲ್ಲಿ ಬಿಸಿಲಿಗೆ ನಿಂತಿದ್ದಾಗ ನಿಮ್ಮ ಎಡಗಣ್ಣಿನ ನಡುವೆ ಬಿಳಿ ಕಂಡಿತು, ಅನ್ನದ ಗಂಜಿ ಕಟ್ಟಿದ ಹಾಗೆ. ನಾನು ತಮಾಷೆಗೆ ಎಂಬಂತೆ, ಬಲಗಣ್ಣು ಮುಚ್ಚಿ ನನ್ನ ಬೆರಳು ಎಣಿಸಿ ಎಂದೆ. ನೀವು ನಕ್ಕು ಎಡಗಣ್ಣನ್ನು ಮುಚ್ಚಿಕೊಂಡು ಸರಿಯಾಗಿ ಹೇಳಿದಿರಿ. ಉಪ್ಪ, ನಾನು ಸಣ್ಣ ಮಗುವಲ್ಲ.

ನನ್ನನ್ನು ವ್ಯಾನಿನಲ್ಲಿ ಕರೆದುಕೊಂಡು ಬರುವಾಗ ಮುಂಡಾಜೆಯ ಹತ್ತಿರ ಎಡಗಡೆಯಿಂದ ಒಂದು ಸ್ಕೂಟರು ರಸ್ತೆಗೆ ಇಳಿಯಿತು. ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ. ನೀವು ಬ್ರೇಕು ಹಾಕಿದ್ದು ಸ್ಕೂಟರನ್ನು ನೋಡಿ ಅಲ್ಲ, ನಾನು ಕೂಗಿದ್ದಕ್ಕೆ. ಆ ಹೊತ್ತಿನಲ್ಲಿ ಹಿಂದಿನ ಸೀಟುಗಳು ಖಾಲಿ ಇದ್ದವು. ಶಾಲೆ ಇರುವ ದಿನ ಅಲ್ಲಿ ಮಕ್ಕಳಿರುತ್ತಾರೆ, ಘಾಟಿ ಇಳಿದು ಬರುವ ಲಾರಿಗಳಿರುತ್ತವೆ.

ಇಲ್ಲಿಗೆ ಬಂದ ಮೇಲೆ ನಾನು ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಾಸ್ಟೆಲಿನ ಮೆಟ್ಟಿಲು ಇಳಿದು ನೋಡಿದೆ. ಅರ್ಧದಲ್ಲಿ ಬಟ್ಟೆ ಕಿತ್ತುಹಾಕಿದೆ.

ದಯವಿಟ್ಟು ವ್ಯಾನು ಬಿಡಿ. ಡಾಕ್ಟರ್ ನಿಜವಾಗಿ ಏನು ಹೇಳಿದರು ಎಂದು ಬರೆಯಿರಿ.

ಜಸ್ನಾ

*

ಕಕ್ಕಿಂಜೆ
27 ಅಕ್ಟೋಬರ್ 2024

ಜಸ್ನಾ,

ನೀನು ಹುಟ್ಟುವ ಮೊದಲೇ ನಾನು ಚಾರ್ಮಾಡಿ ಘಾಟಿಯಲ್ಲಿ ಲಾರಿ ಇಳಿಸಿದವನು. ಮಂಜಿನಲ್ಲಿ ಎರಡು ಕಣ್ಣಿದ್ದವರಿಗೂ ಏನೂ ಕಾಣುವುದಿಲ್ಲ. ಈ ರಸ್ತೆ ನನಗೆ ಕಣ್ಣಲ್ಲಿ ಅಲ್ಲ, ಕೈಯಲ್ಲಿ ಗೊತ್ತಿರುವುದು. ಒಂದು ಸ್ಕೂಟರಿನವ ನೋಡದೆ ಇಳಿದದ್ದಕ್ಕೆ ನೀನು ನನ್ನನ್ನು ಕುರುಡ ಮಾಡಿದೆ.

ವರ್ಷದ ಅರ್ಧದಲ್ಲಿ ವ್ಯಾನು ಬಿಟ್ಟರೆ ಜನ ಏನು ಹೇಳಿಯಾರು? ಶಾಲೆಯ ರಜೆ ಬರಲಿ, ಆಗ ಕಣ್ಣಿನ ಕೆಲಸ ನೋಡುವ. ಈಚೆಗೆ ತಲೆನೋವು ಸ್ವಲ್ಪ ಜಾಸ್ತಿ, ಅದಕ್ಕೆ ಸರಿಯಾಗಿ ಬರೆಯಲು ಆಗುವುದಿಲ್ಲ.

ಈ ವಿಷಯ ನಮ್ಮ ಮನೆಯ ಒಳಗೆ ಇರಲಿ. ಯಾರ ಹತ್ತಿರವೂ ಮಾತಾಡಬೇಡ. ಇದು ನಾನು ನಿನಗೆ ಹೇಳುತ್ತಿರುವುದು, ಕೇಳುತ್ತಿರುವುದಲ್ಲ.

ಉಪ್ಪ

*

ಮೂಡುಬಿದಿರೆ
4 ನವೆಂಬರ್ 2024

ಉಪ್ಪ,

ನಿನ್ನೆ ಭಾನುವಾರ ನನ್ನ ಸರದಿ ಬಂದಾಗ ನಾನು ಮನೆಗೆ ಫೋನು ಮಾಡಲಿಲ್ಲ. ವಸಂತಣ್ಣನಿಗೆ ಮಾಡಿದೆ. ಕಂಡದ್ದನ್ನೆಲ್ಲ ಹೇಳಿದೆ. ಅವರು "ನೀನು ಇಡು ಮಗಾ, ನಾನು ನೋಡ್ತೇನೆ" ಎಂದರು.

ಬೇರೆಯವರ ಬಾಯಿಂದ ನಿಮಗೆ ಗೊತ್ತಾಗಬಾರದು ಎಂದು ಬರೆಯುತ್ತಿದ್ದೇನೆ. ಈ ಪತ್ರ ತಲುಪುವ ಮೊದಲೇ ಗೊತ್ತಾಗಿರುತ್ತದೆ ಎಂದೂ ನನಗೆ ಗೊತ್ತು.

ಜಸ್ನಾ

*

ಮೂಡುಬಿದಿರೆ
17 ನವೆಂಬರ್ 2024

ಉಪ್ಪ,

ಪತ್ರ ಬಂದಿದೆಯೇ ಎಂದು ದಿನವೂ ಆಫೀಸಿಗೆ ಹೋಗಿ ಕೇಳುತ್ತಿದ್ದೇನೆ. ಅಲ್ಲಿಯ ಕ್ಲರ್ಕ್ ಈಗ ನಾನು ಬಾಗಿಲಿಗೆ ಬರುವಾಗಲೇ ಇಲ್ಲ ಎಂದು ತಲೆಯಾಡಿಸುತ್ತಾರೆ.

ಇವತ್ತು ಫೋನಿನಲ್ಲಿ, ಉಪ್ಪ ಎಲ್ಲಿ ಎಂದು ಉಮ್ಮನನ್ನು ಕೇಳಿದೆ. ಮನೆಯಲ್ಲಿಲ್ಲ ಎಂದರು. ಹಿಂದಿನಿಂದ ನಿಮ್ಮ ಕೆಮ್ಮು ಕೇಳಿಸಿತು. ನೀವು ಅಲ್ಲಿಯೇ ಇದ್ದು, ನನ್ನ ಜೊತೆ ಮಾತಾಡುವುದಿಲ್ಲ ಎಂದು ಕೈಸನ್ನೆ ಮಾಡಿದ್ದೀರಿ ಎಂದು ಅರ್ಥವಾಯಿತು.

ನನ್ನ ಮೇಲೆ ಕೋಪವಿದ್ದರೆ ಇರಲಿ. ಕಣ್ಣು ಏನಾಯಿತು ಎಂದು ಮಾತ್ರ ಬರೆಯಿರಿ. ಬರೆಯಲು ಇಷ್ಟವಿಲ್ಲದಿದ್ದರೆ ಒಂದು ಖಾಲಿ ಕಾಗದವನ್ನಾದರೂ ಕಳಿಸಿ. ಲಕೋಟೆಯ ಮೇಲೆ ನಿಮ್ಮ ಅಕ್ಷರ ನೋಡುತ್ತೇನೆ.

ಜಸ್ನಾ

*

ಮೂಡುಬಿದಿರೆ
1 ಡಿಸೆಂಬರ್ 2024

ಉಪ್ಪ,

ಇವತ್ತು ಫೋನು ರಿಂಗಾಗಿ ರಿಂಗಾಗಿ ನಿಂತಿತು. ಉಮ್ಮನೂ ಎತ್ತಲಿಲ್ಲ. ಎರಡನೇ ಸಲ ಮಾಡಲು ಮೇಡಂ ಬಿಟ್ಟರು, ಆಗಲೂ ಎತ್ತಲಿಲ್ಲ.

ನನಗೆ ಹೆದರಿಕೆಯಾಗುತ್ತಿದೆ. ಏನೇನೋ ಯೋಚನೆ ಬರುತ್ತದೆ. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಈಗ ಕೇಳುವುದಿಲ್ಲ. ನೀವು ಇದ್ದೀರಿ ಎಂದು ಗೊತ್ತಾದರೆ ಸಾಕು.

ಜಸ್ನಾ

*

ಕಕ್ಕಿಂಜೆ
8 ಡಿಸೆಂಬರ್ 2024

ಪ್ರೀತಿಯ ಮಗಳಿಗೆ ಉಪ್ಪನ ಸಲಾಂ.

ಇದ್ದೇನೆ. ಕಳೆದ ಭಾನುವಾರ ನಾವಿಬ್ಬರೂ ಮಂಗಳೂರಿನ ಆಸ್ಪತ್ರೆಯಲ್ಲಿದ್ದೆವು. ನಿನ್ನ ಉಮ್ಮ ಫೋನನ್ನು ಗಡಿಬಿಡಿಯಲ್ಲಿ ಮನೆಯಲ್ಲೇ ಬಿಟ್ಟು ಬಂದಿದ್ದಳು. ಎಡಗಣ್ಣಿಗೆ ಪಟ್ಟಿ ಇದೆ. ಒಂದೇ ಸಲಕ್ಕೆ ಇಷ್ಟು ಬರೆಯಬಾರದು ಎಂದು ಅವಳು ಬೈಯುತ್ತಿದ್ದಾಳೆ. ಎರಡು ದಿನದಿಂದ ಸ್ವಲ್ಪ ಸ್ವಲ್ಪವಾಗಿ ಬರೆಯುತ್ತಿದ್ದೇನೆ.

ಮೊದಲು ಸೆಪ್ಟೆಂಬರಿನ ಸುಳ್ಳು. ಅವಸರವಿಲ್ಲ ಎಂದು ಡಾಕ್ಟರ್ ಸಬೀಹಾ ಹೇಳಲೇ ಇಲ್ಲ. ಬೇಗ ತೆಗೆಯಬೇಕು, ತಡವಾದರೆ ಕಣ್ಣಿನೊಳಗೆ ಒತ್ತಡ ಏರುತ್ತದೆ ಎಂದು ಹೇಳಿ ದಿನವನ್ನೂ ಕೊಟ್ಟಿದ್ದರು. ಆ ದಿನ ಹೋಗಿದ್ದೆ. ಹಸಿರು ಬಟ್ಟೆ ಹಾಕಿಸಿ ಬೆಂಚಿನ ಮೇಲೆ ಕೂರಿಸಿದರು. ನನ್ನ ಮುಂದೆ ಕೂತಿದ್ದವರನ್ನು ಒಳಗೆ ಕರೆದರು. ಕಣ್ಣಿನ ಬದಿಗೆ ಸೂಜಿ ಹಾಕುತ್ತಾರೆ, ಎಚ್ಚರ ಇರುತ್ತದೆ, ಎಲ್ಲ ಕೇಳಿಸುತ್ತದೆ ಎಂದು ನರ್ಸ್ ಇನ್ನೊಬ್ಬರಿಗೆ ಹೇಳುತ್ತಿದ್ದಳು. ನಾನು ಎದ್ದು ನನ್ನ ಅಂಗಿ ಹಾಕಿಕೊಂಡು ಹೊರಗೆ ಬಂದೆ. ಬಸ್ಸು ಹತ್ತಿದೆ. ಪುಂಜಾಲಕಟ್ಟೆಯಲ್ಲಿ ಬಸ್ಸು ನಿಂತಾಗ ಇಳಿದು ಅಂಗಡಿಯ ಹಿಂದೆ ವಾಂತಿ ಮಾಡಿದೆ. ಮನೆಗೆ ಬಂದು, ಡಾಕ್ಟರ್ ದಿನವನ್ನು ಮುಂದೆ ಹಾಕಿದ್ದಾರೆ ಎಂದು ನಿನ್ನ ಉಮ್ಮನಿಗೆ ಹೇಳಿದೆ. ಶಾಲೆ, ರಜೆ, ಜನ ಎಂದು ನಿನಗೆ ಬರೆದದ್ದೆಲ್ಲ ಸುಮ್ಮನೆ. ನನಗೆ ಹೆದರಿಕೆ ಮಗಳೇ.

ಎರಡನೆಯದು ಇದಕ್ಕಿಂತ ದೊಡ್ಡದು.

ನೀನು ವಸಂತಣ್ಣನಿಗೆ ಫೋನು ಮಾಡುವ ಎರಡು ವಾರ ಮೊದಲಿನಿಂದಲೂ ನನಗೆ ಎಡಗಡೆ ಏನೂ ಕಾಣುತ್ತಿರಲಿಲ್ಲ, ಬೆಳಕು ಮಾತ್ರ. ದೀಪಾವಳಿ ರಜೆಯ ಹಿಂದಿನ ದಿನ ಸಂಜೆ ಮೋಕ್ಷಿತಾಳನ್ನು ಇಳಿಸಿದೆ. ಒಂದನೇ ಕ್ಲಾಸಿನ ಮಗು, ಅವಳ ಮನೆ ಸೋಮಂತಡ್ಕದಿಂದ ಈಚೆ, ರಸ್ತೆ ದಾಟಿದರೆ ಆ ಬದಿಯಲ್ಲೇ. ಎಡ ಬಾಗಿಲಿನಿಂದ ಇಳಿದವಳು ಹಿಂದಿನಿಂದ ಹೋಗದೆ ವ್ಯಾನಿನ ಮುಂದೆ ಬಂದಿದ್ದಾಳೆ. ನಾನು ಎಡಗಡೆ ನೋಡಿದೆ. ನೋಡಿದೆ ಎಂದೇ ನನ್ನ ಲೆಕ್ಕ. ಯಾರೂ ಇಲ್ಲ ಎಂದು ಕ್ಲಚ್ಚು ಬಿಟ್ಟೆ. ಅವಳ ಅಜ್ಜಿ ಕಾವೇರಮ್ಮ ಎದುರಿನಿಂದ ಓಡಿ ಬಂದು ಎರಡೂ ಕೈಯಿಂದ ಬಾನೆಟ್ಟಿಗೆ ಬಡಿದರು. ವ್ಯಾನು ನಿಂತಾಗ ಮಗುವಿನ ಬೆನ್ನಿನ ಬ್ಯಾಗು ಬಂಪರಿಗೆ ಒತ್ತಿಕೊಂಡಿತ್ತು. ಮಗುವಿಗೆ ಏನೂ ಆಗಲಿಲ್ಲ. ಅವಳು ಅಳಲೂ ಇಲ್ಲ. ಅಜ್ಜಿ ಯಾಕೆ ನಡುಗುತ್ತಿದ್ದಾರೆ ಎಂದು ನೋಡುತ್ತಿದ್ದಳು.

ಕಾವೇರಮ್ಮ ಮಗುವನ್ನು ಎತ್ತಿಕೊಂಡು ಹೋದರು.

ರಜೆಯಲ್ಲಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಆದರೂ ಸೋಮವಾರ ಬೆಳಿಗ್ಗೆ ಎದ್ದು ವ್ಯಾನು ತೊಳೆದು ಸ್ಟಾರ್ಟು ಮಾಡಿದೆ. ಇದನ್ನು ನಾನು ನಿನಗೆ ಹೇಳಲೇಬೇಕು. ಆ ಮಗುವನ್ನು ಹಾಗೆ ಕಂಡ ಮೇಲೂ ನಾನು ಸ್ಟಾರ್ಟು ಮಾಡಿದೆ. ಅಷ್ಟರಲ್ಲಿ ವಸಂತಣ್ಣ ಬಂದು ಕಿಟಕಿಯಲ್ಲಿ ಕೈ ಒಡ್ಡಿದ.

"ಕೀ ಕೊಡು ಮಾರಾಯ" ಎಂದ. ಯಾಕೆ ಎಂದು ನಾನು ಕೇಳಿದ್ದಕ್ಕೆ, "ನಿನ್ನ ಮಗಳು ಅಳ್ತಾ ಇದ್ದಳು" ಎಂದ. ಅಷ್ಟೇ.

ಕೋಪ ಬಂದದ್ದು ಹೌದು. ಮನೆಯ ಒಳಗಿನ ಮಾತನ್ನು ಮಗಳು ಹೊರಗೆ ಹಾಕಿದಳು ಎಂದು ಅನಿಸಿತು. ಫೋನು ಬಂದಾಗ ಇಲ್ಲ ಎಂದು ಹೇಳಲು ಕೈಸನ್ನೆ ಮಾಡಿದ್ದೂ ಹೌದು. ಆ ಹೊತ್ತಿಗೆ ತಲೆನೋವಿನಿಂದ ಗೋಡೆಗೆ ಹಣೆ ಒತ್ತಿ ಕೂರುತ್ತಿದ್ದೆ. ಕೊನೆಗೆ ವಸಂತಣ್ಣ ಮತ್ತು ನಿನ್ನ ಉಮ್ಮ ಎರಡು ಬದಿಯಲ್ಲಿ ಹಿಡಿದುಕೊಂಡ ಹಾಗೆ ನನ್ನನ್ನು ಮಂಗಳೂರಿಗೆ ಕರೆದುಕೊಂಡು ಹೋದರು. ಪೊರೆ ಉಬ್ಬಿದೆ, ಒತ್ತಡ ಏರಿದೆ, ಸೆಪ್ಟೆಂಬರಿನಲ್ಲಿ ಸುಲಭ ಇತ್ತು, ಈಗ ಕಷ್ಟ ಎಂದರು ಡಾಕ್ಟರ್. ಒಳಗಿನದ್ದು ಬಿಳಿಯಾಗಿ ಹಿಂದಿನ ನರದ ಪರದೆ ಕಾಣುವುದಿಲ್ಲ ಎಂದು ಸ್ಕ್ಯಾನ್ ಮಾಡಿ ನೋಡಿದರು. ಓಡಿ ಹೋದದ್ದಕ್ಕೆ ಬೈಯಲಿಲ್ಲ. ಒತ್ತಡ ಇಳಿಸಲು ಮೊದಲು ಮದ್ದು ಕೊಟ್ಟರು.

ಆಪರೇಷನ್ನಿನ ದಿನ ಮುಖಕ್ಕೆ ಬಟ್ಟೆ ಹೊದಿಸಿದಾಗ ನಾನು ಎದ್ದೇ ಬಿಡುತ್ತೇನೆ ಎನಿಸಿತು. ಕಾಲು ನಡುಗಿ ಮೇಜು ಶಬ್ದ ಮಾಡುತ್ತಿತ್ತು. ಡಾಕ್ಟರ್ ಕೆಲಸ ನಿಲ್ಲಿಸಿ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಹೆದರಿಕೆ ಆದ್ರೆ ಬಾಯಲ್ಲಿ ಹೇಳಿ, ನಾನು ನಿಲ್ಲಿಸ್ತೇನೆ. ಹೇಳದೆ ತಲೆ ಮಾತ್ರ ಅಲ್ಲಾಡಿಸ್ಬೇಡಿ."

ನಾನು ಹೇಳಿದೆ. ಹೆದರಿಕೆ ಆಗ್ತದೆ ಎಂದೆ. ಆಮೇಲೆ ಇನ್ನೊಮ್ಮೆ ಹೇಳಿದೆ. ಪ್ರತಿ ಸಲವೂ ಅವರು ನಿಲ್ಲಿಸಿದರು. ನರ್ಸ್ ನನ್ನ ಕೈ ಹಿಡಿದುಕೊಂಡಳು. ನೋವು ಇರಲಿಲ್ಲ. ನೀರಿನ ಶಬ್ದ, ಯಂತ್ರದ ಗುಯ್ ಎನ್ನುವ ಶಬ್ದ, ಬಣ್ಣಬಣ್ಣದ ಬೆಳಕು. ನಡುವೆ ಡಾಕ್ಟರ್ ತಣ್ಣಗಿನ ಸ್ವರದಲ್ಲಿ, ಹಿಡಿದುಕೊಳ್ಳುವ ಎಳೆಗಳು ಅರ್ಧಕ್ಕಿಂತ ಜಾಸ್ತಿ ಹೋಗಿವೆ, ಲೆನ್ಸು ಇವತ್ತು ಬೇಡ ಎಂದರು. ನೀನು ಆಗಸ್ಟಿನಲ್ಲಿ ಬರೆದ ಎಳೆಗಳು.

ಪೊರೆ ತೆಗೆದಿದ್ದಾರೆ. ಹೊಸ ಲೆನ್ಸು ನಿಲ್ಲಿಸಲು ಒಳಗೆ ಆಧಾರವಿಲ್ಲ. ಕಣ್ಣಿನ ಗೋಡೆಗೇ ಹೊಲಿದು ನಿಲ್ಲಿಸಬೇಕಂತೆ, ಅದಕ್ಕೆ ಇನ್ನೊಂದು ಆಪರೇಷನ್. ಈಗ ಪಟ್ಟಿ ತೆಗೆದಾಗ ನಿನ್ನ ಉಮ್ಮ ಒಂದು ಬಣ್ಣದ ಹಾಗೆ ಕಾಣುತ್ತಾಳೆ, ಹತ್ತಿರ ಬಂದರೆ ಅವಳು ಎಂದು ಗೊತ್ತಾಗುತ್ತದೆ.

ನೀನು ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳುವುದಿಲ್ಲ ಎಂದು ಬರೆದಿದ್ದಿ. ಕೇಳದಿದ್ದರೂ ಹೇಳುತ್ತೇನೆ. ಆ ಸೋಮವಾರ ವಸಂತಣ್ಣ ಬಾರದೆ ಇದ್ದಿದ್ದರೆ ನಾನು ಹೊರಟು ಹೋಗುತ್ತಿದ್ದೆ.

ಉಪ್ಪ

*

ಮೂಡುಬಿದಿರೆ
15 ಡಿಸೆಂಬರ್ 2024

ಪ್ರೀತಿಯ ಉಪ್ಪನಿಗೆ,

ನಿಮ್ಮ ಪತ್ರವನ್ನು ಬಟ್ಟೆ ಒಣಗಿಸುವ ತಾರಸಿಯಲ್ಲಿ ಕೂತು ಓದಿದೆ. ಮೋಕ್ಷಿತಾಳ ವಿಷಯ ಬಂದಲ್ಲಿ ಮುಂದೆ ಓದಲು ಆಗದೆ ಮಡಚಿಟ್ಟೆ. ಸಂಜೆ ಪುನಃ ತೆಗೆದೆ.

ನನಗೆ ನಿಮ್ಮ ಮೇಲೆ ಸಿಟ್ಟು ಬಂತು. ಅದನ್ನೂ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ಸ್ಟಾರ್ಟು ಮಾಡಿದೆ ಎಂದು ಬರೆದಿದ್ದೀರಲ್ಲ, ಆ ಸಾಲು ನನ್ನನ್ನು ಬಿಡುತ್ತಿಲ್ಲ. ಆದರೆ ಮೇಜಿನ ಮೇಲೆ ನೀವು ನಡುಗುತ್ತಾ ಮಲಗಿದ್ದನ್ನು ಯೋಚಿಸಿದರೆ ಆ ಸಿಟ್ಟು ಎಲ್ಲೋ ಹೋಗಿ ಅಳು ಬರುತ್ತದೆ. ಎರಡೂ ಒಟ್ಟಿಗೆ ಇವೆ. ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಗೊತ್ತಾಗುತ್ತಿಲ್ಲ.

ಎರಡನೇ ಆಪರೇಷನ್ನಿಗೆ ನೀವು ಓಡಿ ಹೋಗುವುದಿಲ್ಲ ಎಂದು ಬರೆದು ಕಳಿಸಿ.

ಜಸ್ನಾ

*

ಕಕ್ಕಿಂಜೆ
2 ಫೆಬ್ರವರಿ 2025

ಪ್ರೀತಿಯ ಮಗಳು ಜಸ್ನಾಳಿಗೆ ಉಪ್ಪನ ಸಲಾಂ.

ಓಡಿ ಹೋಗಲಿಲ್ಲ. ಬಾಗಿಲಿನವರೆಗೆ ಎದ್ದು ಹೋದದ್ದು ನಿಜ. ಅಲ್ಲಿ ನಿನ್ನ ಉಮ್ಮ ಚಾಪೆ ಹಾಕಿ ಕೂತಿದ್ದಳು. ದಾಟಿ ಹೋಗಲು ಜಾಗ ಇರಲಿಲ್ಲ, ವಾಪಸು ಬಂದು ಕೂತೆ.

ಲೆನ್ಸು ಹೊಲಿದಿದ್ದಾರೆ. ಮೊನ್ನೆ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಮೇಲಿನ ದೊಡ್ಡ ಸಾಲುಗಳು ಕಾಣುತ್ತವೆ, ಕೆಳಗಿನದ್ದು ಇಲ್ಲ. ನೇರ ನೋಡಿದರೆ ನಡುವೆ ಹೊಗೆಯ ಹಾಗೆ ಒಂದು ಕಲೆ. ಕೊಕ್ಕೆ ಹೊಡೆದ ದಿನವೇ ಹಿಂದಿನ ಪರದೆಗೆ ಏಟಾಗಿದೆ, ಆ ಗಾಯದ ಕಲೆ ಉಳಿಯುತ್ತದೆ, ಅದಕ್ಕೆ ಆಪರೇಷನ್ ಇಲ್ಲ ಎಂದರು ಡಾಕ್ಟರ್ ಸಬೀಹಾ. ಒತ್ತಡ ನೋಡಲು ಇನ್ನು ಜೀವಮಾನ ಪೂರ್ತಿ ಹೋಗುತ್ತಾ ಇರಬೇಕು. ಮಕ್ಕಳ ಗಾಡಿ ಓಡಿಸಬಹುದೇ ಎಂದು ನಾನು ಕೇಳಲಿಲ್ಲ. ಅವರು ತಾವಾಗಿಯೇ ಬೇಡ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ನಿನ್ನ ಉಮ್ಮ ಏನೋ ಮಾತಾಡುತ್ತಾ ಬಂದಳು, ನನಗೆ ಬಂಟ್ವಾಳ ದಾಟುವವರೆಗೆ ಒಂದೂ ಕೇಳಿಸಲಿಲ್ಲ.

ವಸಂತಣ್ಣ ಬೇರೆ ಡ್ರೈವರನ್ನು ಇಟ್ಟಿದ್ದಾನೆ. ಇನ್ನು ಸ್ವಲ್ಪ ದಿನ ಕಳೆದ ಮೇಲೆ ಮಕ್ಕಳನ್ನು ಹತ್ತಿಸಿ ಇಳಿಸಲು ನೀನು ಬಾ ಎಂದು ನನ್ನನ್ನು ಕೇಳಿದ. ಯಾವ ಮುಖ ಹೊತ್ತು ಹೋಗುವುದು ಎಂದು ನಾಚಿಕೆಯಾಯಿತು. ಮೊದಲು ಕಾವೇರಮ್ಮನ ಮನೆಗೆ ಹೋದೆ. ನನ್ನ ಕಣ್ಣಿನ ವಿಷಯ, ಗೊತ್ತಿದ್ದೂ ಗಾಡಿ ಓಡಿಸಿದ ವಿಷಯ, ಎಲ್ಲ ಹೇಳಿದೆ. ಅವರು ಕೂರಲು ಹೇಳಲಿಲ್ಲ. ಕೇಳಿಸಿಕೊಂಡರು.

"ನೀವು ವ್ಯಾನಿಗೆ ಬನ್ನಿ. ಆದ್ರೆ ನನ್ನ ಪುಳ್ಳಿ ಮೋಕ್ಷಿತಾಳನ್ನು ರಸ್ತೆ ದಾಟಿಸುವುದು ನಾನೇ" ಎಂದರು.

ಆಗಲಿ ಎಂದೆ. ಅವರು ಹೇಳಿದ್ದು ನ್ಯಾಯ. ವಸಂತಣ್ಣನಿಗೆ ಬರುತ್ತೇನೆ ಎಂದು ಹೇಳಿದ್ದೇನೆ.

ಪರೀಕ್ಷೆಗೆ ಮೊದಲು ನಾಲ್ಕು ದಿನ ಮನೆಗೆ ಬಿಡುತ್ತಾರೆ ಎಂದು ಬರೆದಿದ್ದಿ. ಶನಿವಾರ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಬಸ್ಸಿನಲ್ಲಿ. ಆಪರೇಷನ್ ಆದ ಮೇಲೆ ಒಬ್ಬನೇ ಅಷ್ಟು ದೂರ ಬರುವುದು ಇದೇ ಮೊದಲು, ಉಮ್ಮ ಬೇಡ ಎನ್ನುತ್ತಿದ್ದಾಳೆ. ನನಗೂ ಧೈರ್ಯವಿಲ್ಲ. ಆದರೂ ಬರುತ್ತೇನೆ. ಬಸ್ಸಿನಿಂದ ಇಳಿದು ಮೆಲ್ಲ ಮೆಲ್ಲ ನಿನ್ನ ಹಾಸ್ಟೆಲಿನ ಗೇಟಿನವರೆಗೆ ಬರುವುದು ನನ್ನ ಜವಾಬ್ದಾರಿ. ಅಲ್ಲಿಂದ ಮುಂದೆ, ಬಸ್ ಸ್ಟ್ಯಾಂಡಿನ ಆ ಗದ್ದಲದಲ್ಲಿ, ನೀನು ನನ್ನ ಎಡಬದಿಗೆ ನಡೆ. ಕೈ ಹಿಡಿದುಕೋ. ಬೇಡ ಎಂದು ನಾನು ಹೇಳುವುದಿಲ್ಲ.

ನಿನ್ನ
ಉಪ್ಪ